ಹೊಟ್ಟೆಗೆ ಹೋಗುವುದೆಲ್ಲ ವೈದ್ಯರಿಗೆ ತಿಳಿದಿರಲಿ

(ಮಂಗಳೂರಿನ ಕಾವೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹಿರಿಯರೊಬ್ಬರ ಹೆಸರಿನಲ್ಲಿ ಇಟ್ಟ ದತ್ತಿಯ ಹಣ ಊರಿನವರ ತಿಳಿವಳಿಕೆಗೆ ಸಲ್ಲಬೇಕೆಂಬುದು ದಾನಿಗಳ ಆಶಯ. ಆ ಆಶಯಕ್ಕೆ ಒಪ್ಪುವಂತೆ, ಕೇಳಿದವರು ಮನೆಗೆ ಹೋಗಿ ಈ ರಾತ್ರಿಯಿಂದಲೇ ಉಪಯೋಗಿಸಬಹುದಾದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ನಾವು ತಿನ್ನುವ ಹಣ್ಣು, ಕುಡಿಯುವ ಕಷಾಯ, ಶಕ್ತಿಗೆಂದು ನುಂಗುವ ಕ್ಯಾಪ್ಸೂಲು ನಮ್ಮ ಔಷಧಿಯ ಕೆಲಸವನ್ನು ಹೇಗೆ ಹೆಚ್ಚು ಕಡಿಮೆ ಮಾಡುತ್ತವೆ ಎಂಬುದೇ ಆ ವಿಷಯ.

ಇಂದು ನಮ್ಮ ಮನೆಗಳಲ್ಲಿ ಅರುವತ್ತು ದಾಟಿದವರ ತಲೆದೆಸೆಯಲ್ಲಿ ಮಾತ್ರೆಯ ಡಬ್ಬಿ ಇಲ್ಲದಿರುವುದೇ ಅಪರೂಪ. ಬಿ.ಪಿ.ಗೆ ಒಂದು, ಶುಗರಿಗೆ ಎರಡು, ಕೊಲೆಸ್ಟರಾಲಿಗೆ ರಾತ್ರಿಯ ಒಂದು, ಥೈರಾಯ್ಡ್ ಇದ್ದರೆ ಬೆಳಗ್ಗಿನ ಒಂದು. ಇವುಗಳ ಜೊತೆಗೆ ಕ್ಯಾಲ್ಸಿಯಂ, ಅರಶಿನದ ಕ್ಯಾಪ್ಸೂಲು, ಯಾರೋ ಒಳ್ಳೆಯದೆಂದು ಹೇಳಿದ ಪುಡಿ. ಚೀಟಿ ಬರೆಯುವ ವೈದ್ಯರಿಗೆ ಮೊದಲಿನವು ಗೊತ್ತು, ಕೊನೆಯವು ಗೊತ್ತಿರುವುದಿಲ್ಲ. ಮಾತ್ರೆಯ ಪಟ್ಟಿಯ ಮೇಲೆ ಅಚ್ಚಾಗಿರುವ ಮಿಲಿಗ್ರಾಂ ಲೆಕ್ಕ ನಾವು ನುಂಗುವ ಪ್ರಮಾಣದ್ದು. ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದನ್ನು ನಮ್ಮ ಕರುಳು ತೀರ್ಮಾನಿಸುತ್ತದೆ. ಆ ತೀರ್ಮಾನದಲ್ಲಿ ಊಟಕ್ಕೂ ಪಾಲಿದೆ. ಇಂದಿನ ನನ್ನ ಮಾತಿನ ಸಾರ ಇಷ್ಟೇ.

ಒಂದು ಲೋಟ ರಸದಿಂದ ತಿಳಿದ ಸತ್ಯ

ಈ ಶಾಸ್ತ್ರದ ಮುಖ್ಯ ಅಧ್ಯಾಯ ತೆರೆದದ್ದು ಕೆನಡಾದ ಲಂಡನ್ ಎಂಬ ಊರಿನಲ್ಲಿ. ಡೇವಿಡ್ ಬೈಲಿ ಎಂಬ ಔಷಧವಿಜ್ಞಾನಿ ಮತ್ತು ಅವರ ಸಂಗಡಿಗರು ಫೆಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಕುಡಿದವರು ಯಾರು, ಕುಡಿಯದವರು ಯಾರು ಎಂಬುದು ರುಚಿಯಿಂದ ಗೊತ್ತಾಗಬಾರದೆಂದು ಎಲ್ಲರಿಗೂ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿ ಕೊಟ್ಟರು. ರಕ್ತ ಪರೀಕ್ಷಿಸಿದಾಗ ಮದ್ಯ ಕುಡಿದವರಲ್ಲೂ ಕುಡಿಯದವರಲ್ಲೂ ಔಷಧದ ಮಟ್ಟ ನಿರೀಕ್ಷೆಗಿಂತ ಹಲವು ಪಟ್ಟು ಮೇಲಿತ್ತು. ಆ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಕಾರಣ ಹುಡುಕುತ್ತ ಬೈಲಿ ರಸವನ್ನೂ ಮಾತ್ರೆಯನ್ನೂ ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಅವರ ಸಂಶಯ ರಸದ ಮೇಲೆಯೇ ನಿಂತಿತು.

1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಖಚಿತವಾದ ಫಲಿತಾಂಶ ಕೊಟ್ಟರು. ರಕ್ತದೊತ್ತಡ ಸ್ವಲ್ಪ ಹೆಚ್ಚಿದ್ದ ಆರು ಮಂದಿಗೆ ಅದೇ ಮಾತ್ರೆಯನ್ನು ಒಮ್ಮೆ ನೀರಿನಲ್ಲಿ, ಒಮ್ಮೆ ಗ್ರೇಪ್‌ಫ್ರೂಟ್ ರಸದಲ್ಲಿ, ಒಮ್ಮೆ ಕಿತ್ತಳೆ ರಸದಲ್ಲಿ ಕೊಟ್ಟಿದ್ದರು. ನೀರಿನಲ್ಲಿ ನುಂಗಿದಾಗ ರಕ್ತಕ್ಕೆ ಸೇರಿದ ಪ್ರಮಾಣವನ್ನು 100 ಎಂದು ಇಟ್ಟುಕೊಂಡರೆ ಗ್ರೇಪ್‌ಫ್ರೂಟ್ ರಸದಲ್ಲಿ ಅದು ಸರಾಸರಿ 284 ಆಯಿತು. ಕಿತ್ತಳೆ ರಸದಿಂದ ಏನೂ ಬದಲಾಗಲಿಲ್ಲ. ಒಬ್ಬೊಬ್ಬರಲ್ಲಿ ಏರಿಕೆ ಒಂದೊಂದು ರೀತಿ ಇತ್ತು ಎಂಬುದನ್ನೂ ಮರೆಯಬಾರದು. ಪಕ್ಕದ ಮನೆಯವರು ತಿಂದು ಆರಾಮವಾಗಿದ್ದಾರೆ ಎಂಬುದು ನಮಗೆ ರಕ್ಷಣೆಯಾಗುವುದಿಲ್ಲ.

ಕರುಳಿನ ಗೋಡೆಯಲ್ಲಿ ನಡೆಯುವುದೇನು?

ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಕರುಳಿನ ಒಳಗೋಡೆಯ ಕೋಶಗಳಲ್ಲಿ ಸಿವೈಪಿ3ಎ4 ಎಂಬ ಕಿಣ್ವವಿದೆ. ಅದು ಅಲ್ಲಿನ ಕಾವಲುಗಾರನಿದ್ದಂತೆ. ಹೊರಗಿನಿಂದ ಬಂದ ರಾಸಾಯನಿಕವನ್ನು ರಕ್ತಕ್ಕೆ ಬಿಡುವ ಮೊದಲೇ ಒಂದಷ್ಟನ್ನು ಮುರಿದುಹಾಕುತ್ತದೆ. ಉಳಿದದ್ದರಲ್ಲಿ ಇನ್ನೊಂದಷ್ಟನ್ನು ಯಕೃತ್ತು ಮುರಿಯುತ್ತದೆ. ಹೀಗಾಗಿ ಫೆಲೋಡಿಪಿನ್ನಿನಂಥ ಔಷಧದಲ್ಲಿ ನುಂಗಿದ್ದರ ಸುಮಾರು ಶೇಕಡಾ 15 ಮಾತ್ರ ಮೈಗೆ ದಕ್ಕುತ್ತದೆ. ಔಷಧ ತಯಾರಿಸುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಮಾತ್ರೆಯ ತೂಕ ನಿಗದಿ ಮಾಡಿರುತ್ತಾರೆ. ನಷ್ಟ ಆಗದೆ ಹೋದರೆ ಲೆಕ್ಕವೆಲ್ಲ ತಪ್ಪುತ್ತದೆ. ಒಂದು ಮಾತ್ರೆ ನುಂಗಿದವನ ರಕ್ತದಲ್ಲಿ ಮೂರು ಮಾತ್ರೆಯ ಮದ್ದು ಓಡಾಡುತ್ತದೆ.

ಗ್ರೇಪ್‌ಫ್ರೂಟಿನಲ್ಲಿ ಫ್ಯುರಾನೊಕೂಮರಿನ್ ಎಂಬ ಗುಂಪಿನ ವಸ್ತುಗಳಿವೆ. ಬರ್ಗಮೋಟಿನ್ ಅವುಗಳಲ್ಲೊಂದು. ಇವು ಕರುಳಿನ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಶಾಶ್ವತವಾಗಿ ಕೆಡಿಸುತ್ತವೆ. ಕೆಟ್ಟ ಕಿಣ್ವ ಮತ್ತೆ ಸರಿಹೋಗುವುದಿಲ್ಲ. ಕೋಶ ಹೊಸದನ್ನು ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಆದ್ದರಿಂದ ಹಣ್ಣು ಬೆಳಗ್ಗೆ, ಮಾತ್ರೆ ರಾತ್ರಿ ಎಂದು ಹಂಚಿಕೊಂಡರೆ ತೊಂದರೆಯಿಲ್ಲ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಒಂದು ಇಡೀ ಹಣ್ಣು ಅಥವಾ 200 ಮಿಲಿಲೀಟರ್ ರಸ ಇಷ್ಟು ಕೆಲಸ ಮಾಡಲು ಸಾಕು.

ಎಲ್ಲ ಔಷಧಕ್ಕೂ ಈ ಅಪಾಯವಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅರ್ಧ ಕೇಳಿ ಹೆದರಿಕೊಂಡು ಮಾತ್ರೆಯನ್ನೇ ಬಿಟ್ಟವರು ಹೆಚ್ಚು ಕಷ್ಟಕ್ಕೆ ಬೀಳುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವ ಬಿ.ಪಿ. ಮಾತ್ರೆಗಳಲ್ಲಿ ಒಂದು ಅಮ್ಲೋಡಿಪಿನ್. ಅದು ಕರುಳಿನಲ್ಲಿ ಅಷ್ಟಾಗಿ ನಷ್ಟವಾಗದ ಔಷಧ, ಹಾಗಾಗಿ ಅದರ ಮೇಲೆ ಈ ಹಣ್ಣಿನ ಪರಿಣಾಮ ತೀರ ಕಡಿಮೆ. ಕೊಲೆಸ್ಟರಾಲಿನ ಮಾತ್ರೆಗಳಲ್ಲಿ ಸಿಮ್ವಾಸ್ಟಾಟಿನ್ ಬಹಳ ಸೂಕ್ಷ್ಮ. ದಿನಕ್ಕೆ ಮೂರು ಸಲ ದಟ್ಟ ಗ್ರೇಪ್‌ಫ್ರೂಟ್ ರಸ ಕೊಟ್ಟು ನಡೆಸಿದ 1998ರ ಅಧ್ಯಯನದಲ್ಲಿ ಅದರ ಪ್ರಮಾಣ ರಕ್ತದಲ್ಲಿ 16 ಪಟ್ಟು ಏರಿತ್ತು. ಹಾಗೆ ಏರಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಅಪಾಯವಿದೆ. ಅಟೊರ್ವಾಸ್ಟಾಟಿನ್ ಮಧ್ಯಮ. ರೋಸುವಾಸ್ಟಾಟಿನ್ ಈ ದಾರಿಯಲ್ಲಿ ಹೋಗುವುದೇ ಇಲ್ಲ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೋಪಿಡೊಗ್ರೆಲ್‌ನದು ಉಲ್ಟಾ ಕಥೆ. ಅದು ಮೈಯೊಳಗೆ ಕಿಣ್ವಗಳ ಕೈಯಲ್ಲಿ ಬದಲಾದ ಮೇಲಷ್ಟೇ ಔಷಧವಾಗುತ್ತದೆ. ಗ್ರೇಪ್‌ಫ್ರೂಟ್ ಆ ಬದಲಾವಣೆಗೇ ಅಡ್ಡ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ನೋಡಬೇಕಾದ ಮಾತ್ರೆ ಕೆಲಸವನ್ನೇ ಮಾಡದಿರಬಹುದು. ಒಂದೇ ಹಣ್ಣು ಒಂದು ಔಷಧವನ್ನು ವಿಪರೀತಕ್ಕೆ ಏರಿಸುತ್ತದೆ, ಇನ್ನೊಂದನ್ನು ನಿಷ್ಕ್ರಿಯ ಮಾಡುತ್ತದೆ. ಬೈಲಿ ಮತ್ತು ಸಂಗಡಿಗರು 2012ರಲ್ಲಿ ಲೆಕ್ಕ ಹಾಕಿದಾಗ ಈ ಹಣ್ಣಿನೊಡನೆ ಹೊಂದದ ಔಷಧಗಳು 85ಕ್ಕೂ ಹೆಚ್ಚಿದ್ದವು. ಅವುಗಳಲ್ಲಿ 43 ಗಂಭೀರ ಪರಿಣಾಮ ತರಬಲ್ಲವು ಎಂದು ಅವರು ಎಚ್ಚರಿಸಿದರು.

ಕರುಳಿನಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ಕೆಲವು ಔಷಧಗಳನ್ನು ಹೊತ್ತು ಒಳಕ್ಕೆ ಸಾಗಿಸುವ ಪ್ರೋಟೀನುಗಳು ಅಲ್ಲಿವೆ. ಹಣ್ಣಿನ ರಸ ಅವುಗಳನ್ನು ತಡೆಯುತ್ತದೆ. ನೆಗಡಿ, ಅಲರ್ಜಿಗೆ ಕೊಡುವ ಫೆಕ್ಸೊಫೆನಾಡಿನ್ ಅಂಥ ಔಷಧ. ಗ್ರೇಪ್‌ಫ್ರೂಟ್ ಮಾತ್ರವಲ್ಲ, ಕಿತ್ತಳೆ ಮತ್ತು ಸೇಬಿನ ರಸದಲ್ಲಿ ನುಂಗಿದರೂ ಅದು ಸರಿಯಾಗಿ ದಕ್ಕುವುದಿಲ್ಲ. ಅಟೆನೊಲಾಲ್ ಎಂಬ ಬಿ.ಪಿ. ಮಾತ್ರೆಯ ಹೀರಿಕೆಯೂ ಕಿತ್ತಳೆ ರಸದಿಂದ ತಗ್ಗುತ್ತದೆ. ಈ ತಡೆ ಕೆಲವು ಗಂಟೆಗಳದ್ದು ಮಾತ್ರ, ಆದ್ದರಿಂದ ಇಲ್ಲಿ ಹೊತ್ತು ಬಿಟ್ಟು ತೆಗೆದುಕೊಂಡರೆ ಪ್ರಯೋಜನವಿದೆ. ಮಾತ್ರೆಯನ್ನು ನೀರಿನಲ್ಲೇ ನುಂಗಬೇಕೆಂದು ಹಿರಿಯ ವೈದ್ಯರು ಹೇಳುತ್ತ ಬಂದಿರುವುದಕ್ಕೆ ಇಷ್ಟು ಬಲವಾದ ಕಾರಣವಿದೆ.

ನಮ್ಮ ಚಕ್ಕೋತ

ಗ್ರೇಪ್‌ಫ್ರೂಟ್ ಕಾವೂರಿನ ಹಣ್ಣಂಗಡಿಯಲ್ಲಿ ಕಾಣಸಿಗುವುದು ಕಡಿಮೆ; ಗಲ್ಫ್‌ನಲ್ಲಿರುವ ನಮ್ಮ ಮಕ್ಕಳಿಗೆ ಅದು ಸೂಪರ್ ಮಾರ್ಕೆಟ್ಟಿನ ಮಾಮೂಲಿ ಹಣ್ಣು. ಹಾಗಾದರೆ ಊರಿನಲ್ಲಿರುವ ನಮಗೆ ಇದರಿಂದೇನು ಎಂದು ನೀವು ಕೇಳಬಹುದು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತದಿಂದ. ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ 18ನೆಯ ಶತಮಾನದ ಹೊತ್ತಿಗೆ ಚಕ್ಕೋತವೂ ಕಿತ್ತಳೆಯೂ ತಾವಾಗಿ ಬೆರೆತು ಈ ಹೊಸ ಹಣ್ಣು ಬಂತು. ಮಗುವಿನಲ್ಲಿರುವ ಫ್ಯುರಾನೊಕೂಮರಿನ್ ತಾಯಿಯಲ್ಲೂ ಇದೆ.

ಚಕ್ಕೋತ ಕರ್ನಾಟಕದ ಹೆಮ್ಮೆಯ ಹಣ್ಣು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.   ನಮ್ಮ ಕರಾವಳಿಯ ಹಿತ್ತಿಲುಗಳಲ್ಲೂ ಚಕ್ಕೋತದ ಮರಗಳಿವೆ. ಆರೋಗ್ಯವಂತರು ಅದನ್ನು ಸಂತೋಷವಾಗಿ ತಿನ್ನಲಿ.

ಆದರೆ ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಅದನ್ನು ಮುಟ್ಟಬಾರದು. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್ ಅಥವಾ ಸೈಕ್ಲೊಸ್ಪೋರಿನ್ ಕೊಡುತ್ತಾರೆ. ಇವುಗಳ ಮಟ್ಟ ರಕ್ತದಲ್ಲಿ ತುಸು ಇಳಿದರೆ ಅಂಗ ಹೋಗುತ್ತದೆ, ತುಸು ಏರಿದರೆ ಅದೇ ಮೂತ್ರಪಿಂಡಕ್ಕೆ ವಿಷವಾಗುತ್ತದೆ. ಕಸಿ ಮಾಡಿಸಿಕೊಂಡ ರೋಗಿಯೊಬ್ಬರು ಚಕ್ಕೋತ ತಿಂದ ಮೇಲೆ ಅವರ ಟ್ಯಾಕ್ರೊಲಿಮಸ್ ಮಟ್ಟ ಏರಿದ ಪ್ರಸಂಗ 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಚಕ್ಕೋತದ ರಸ ಆರೋಗ್ಯವಂತರಲ್ಲಿ ಸೈಕ್ಲೊಸ್ಪೋರಿನ್ ಮಟ್ಟವನ್ನು ಏರಿಸುತ್ತದೆ ಎಂದು 2006ರ ಅಧ್ಯಯನವೊಂದು ತೋರಿಸಿತು. ಊಟಕ್ಕೆ ಹಿಂಡಿಕೊಳ್ಳುವ ನಾಲ್ಕು ಹನಿ ನಿಂಬೆಗೆ ಯಾರೂ ಹೆದರಬೇಕಿಲ್ಲ. ಚಕ್ಕೋತದ ತೊಳೆಗಳನ್ನು ಬಟ್ಟಲು ತುಂಬ ತಿನ್ನುವವರು ಮಾತ್ರ ತಮ್ಮ ಮಾತ್ರೆಯ ಹೆಸರು ಹೇಳಿ ವೈದ್ಯರನ್ನು ಕೇಳಲೇಬೇಕು.

ಬೆಂಗಳೂರಿನಲ್ಲಿ ಪರೀಕ್ಷೆಯಾದ ಒಳ್ಳೆಮೆಣಸು

ಈ ಶಾಸ್ತ್ರದಲ್ಲಿ ಕರ್ನಾಟಕದ ಕೊಡುಗೆಯೂ ಇದೆ. ಅರಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಎಷ್ಟು ತಿಂದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜಿ. ಶೋಭಾ ಮತ್ತು ಸಂಗಡಿಗರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ಸ್ವಯಂಸೇವಕರ ರಕ್ತದಲ್ಲಿ ಅದು ಇದೆಯೋ ಇಲ್ಲವೋ ಎಂಬಷ್ಟಿತ್ತು. ಒಳ್ಳೆಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಜೊತೆಗೂಡಿಸಿದಾಗ ಶೇಕಡಾ 2000ದಷ್ಟು ಏರಿತು. ಇಂದು ಜಗತ್ತಿನಾದ್ಯಂತ ಅರಶಿನದ ಕ್ಯಾಪ್ಸೂಲಿನ ಡಬ್ಬಿಗಳ ಮೇಲೆ ಮೆಣಸಿನ ಸತ್ವದ ಹೆಸರು ಅಚ್ಚಾಗಿರುವುದಕ್ಕೆ ಮೂಲ ಈ ಸಂಶೋಧನೆಯೇ.

ಪೈಪರಿನ್ ಕೆಲಸ ಮಾಡುವ ಜಾಗ ಗ್ರೇಪ್‌ಫ್ರೂಟಿನದೇ. ಅದು ಕರುಳಿನ ಸಿವೈಪಿ3ಎ4 ಕಿಣ್ವವನ್ನೂ, ಔಷಧವನ್ನು ಹೊರದೂಡುವ ಪಿ-ಗ್ಲೈಕೊಪ್ರೋಟೀನನ್ನೂ ತಡೆಯುತ್ತದೆ. ಈ ಗುಣವನ್ನು ಜಾಣತನದಿಂದ ಬಳಸಿಕೊಂಡ ಉದಾಹರಣೆ ನಮ್ಮ ದೇಶದ್ದು. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆ ಮತ್ತು ಕ್ಯಾಡಿಲಾ ಕಂಪನಿ ಸೇರಿ ಕ್ಷಯರೋಗಕ್ಕೆ ರಿಸೊರಿನ್ ಎಂಬ ಮಾತ್ರೆ ರೂಪಿಸಿದವು. ಕ್ಷಯದ ಔಷಧವಾದ ರಿಫಾಂಪಿಸಿನ್ 450 ಮಿಲಿಗ್ರಾಂ ಬೇಕಿದ್ದಲ್ಲಿ 10 ಮಿಲಿಗ್ರಾಂ ಪೈಪರಿನ್ ಜೊತೆ 200 ಮಿಲಿಗ್ರಾಂ ಸಾಕಾಯಿತು. ಹೀಗೆ ಅಳೆದು, ಪರೀಕ್ಷಿಸಿ, ಅನುಮತಿ ಪಡೆದು ಬಳಸಿದಾಗ ಮೆಣಸು ಮಿತ್ರ.

ಅಳತೆಯಿಲ್ಲದೆ ಬಂದಾಗ ಅದೇ ಗುಣ ತೊಂದರೆ ಕೊಡುತ್ತದೆ. ದಿನಕ್ಕೆ 20 ಮಿಲಿಗ್ರಾಂ ಪೈಪರಿನ್ ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಔಷಧಗಳ ಮಟ್ಟವನ್ನು ಏರಿಸಿದ್ದನ್ನು 1991ರಲ್ಲೇ ನಮ್ಮ ವಿಜ್ಞಾನಿಗಳು ದಾಖಲಿಸಿದರು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮೇಲೆ ಮೆಣಸಿನ ಪರಿಣಾಮವನ್ನೂ ಭಾರತದಲ್ಲೇ ಪರೀಕ್ಷಿಸಿದರು. ಫೆನಿಟಾಯಿನ್ ಕೊಂಚ ಹೆಚ್ಚಾದರೆ ರೋಗಿ ತೂರಾಡುತ್ತಾನೆ. ಒಂದು ಗ್ರಾಂ ಒಳ್ಳೆಮೆಣಸಿನಲ್ಲಿ ಸುಮಾರು 50 ಮಿಲಿಗ್ರಾಂ ಪೈಪರಿನ್ ಇರುತ್ತದೆ. ನಾಲ್ಕಾರು ಜನರ ಸಾರಿಗೆ ಬೀಳುವ ಹತ್ತು ಕಾಳುಗಳ ಬಗ್ಗೆ ನನ್ನ ತಕರಾರಿಲ್ಲ. ದಿನಕ್ಕೆರಡು ಕ್ಯಾಪ್ಸೂಲಿನಂತೆ ತಿಂಗಳುಗಟ್ಟಲೆ ನುಂಗುವ ಸಾಂದ್ರ ಸತ್ವದ ಬಗ್ಗೆ ತಕರಾರಿದೆ. ಅರಶಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದ 10 ಪ್ರಕರಣಗಳನ್ನು ಅಮೆರಿಕದ ಸಂಶೋಧಕರು 2022ರಲ್ಲಿ ವರದಿ ಮಾಡಿದರು. ಪರೀಕ್ಷಿಸಿದ ಡಬ್ಬಿಗಳಲ್ಲಿ ಕೆಲವಕ್ಕೆ ಪೈಪರಿನ್ ಸೇರಿಸಿದ್ದರು. ಅಡುಗೆಮನೆಯ ಅರಶಿನಕ್ಕೂ ಡಬ್ಬಿಯ ಅರಶಿನಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಕಾಫಿ, ಹಾಲು, ಕಬ್ಬಿಣ

ಮೂರನೆಯ ಬಗೆಯ ತೊಡಕು ಅತಿ ಸಾಮಾನ್ಯ, ಅತಿ ಸುಲಭವಾಗಿ ಬಿಡಿಸಬಹುದಾದದ್ದು. ಔಷಧ ಹೊಟ್ಟೆಯಲ್ಲೇ ಬೇರೊಂದಕ್ಕೆ ಅಂಟಿಕೊಂಡು ಹೀರಿಕೆಯಾಗದೆ ಹೊರಗೆ ಹೋಗುತ್ತದೆ. ಥೈರಾಯ್ಡ್ ಮಾತ್ರೆ ನುಂಗಿ ಅದರ ಬೆನ್ನಿಗೇ ಕಾಫಿ ಕುಡಿದರೆ ಮಾತ್ರೆ ಪೂರ್ತಿ ದಕ್ಕುವುದಿಲ್ಲ. ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಅದರಿಂದ ನಾಲ್ಕು ಗಂಟೆ ದೂರವಿಡಬೇಕು. ಥೈರಾಯ್ಡ್ ರಕ್ತಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ ಮಟ್ಟ ಇಳಿಯುತ್ತಿಲ್ಲವೆಂದು ಮಾತ್ರೆಯ ಶಕ್ತಿ ಏರಿಸುತ್ತ ಹೋಗುವ ಮೊದಲು ಬೆಳಗ್ಗಿನ ಕಾಫಿಯ ಹೊತ್ತನ್ನು ವಿಚಾರಿಸುವುದು ಒಳ್ಳೆಯದು. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಹಾಲು, ಮೊಸರಿನ ಜೊತೆ ಹೋದರೆ ಸುಮಾರು ಮೂರರಲ್ಲೊಂದು ಪಾಲು ವ್ಯರ್ಥ.

ಆಶಾ ಕಾರ್ಯಕರ್ತೆಯರು ಗರ್ಭಿಣಿಯರ ಮನೆಬಾಗಿಲಿಗೆ ತಲುಪಿಸುವ ಮಾತ್ರೆಗಳ ವಿಷಯವೂ ಇದೇ. ಸರಕಾರದ ಕಾರ್ಯಕ್ರಮದಂತೆ ಗರ್ಭಿಣಿಗೆ 180 ದಿನ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ, ಜೊತೆಗೆ ದಿನಕ್ಕೆರಡು ಸಲ 500 ಮಿಲಿಗ್ರಾಂ ಕ್ಯಾಲ್ಸಿಯಂ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದರ ಹೀರಿಕೆಗೆ ಅಡ್ಡಿ, ಕನಿಷ್ಠ ಎರಡು ಗಂಟೆ ಅಂತರ ಬೇಕು. ಚಹಾದ ಜೊತೆ ಕಬ್ಬಿಣ ಕಡಿಮೆ ದಕ್ಕುತ್ತದೆ. ನಿಂಬೆ ಪಾನಕದ ಜೊತೆ ಹೆಚ್ಚು ದಕ್ಕುತ್ತದೆ. ಹಣ್ಣಿನ ರಸ ಸಹಾಯ ಮಾಡುವ ಜಾಗವೂ ಇದೆ ಎಂಬುದು ಇದರಿಂದ ತಿಳಿಯುತ್ತದೆ.

ಮಂಗಳೂರಿನಲ್ಲಿ ನಿಂತು ಮಲೇರಿಯಾದ ಮಾತೆತ್ತದೆ ಹೋಗಲಾರೆ. 1990ರ ದಶಕದಿಂದ ಈ ನಗರ ಆ ಜ್ವರದೊಡನೆ ಹೋರಾಡಿದೆ. ವರ್ಷಗಟ್ಟಲೆ ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ನಮ್ಮ ಜಿಲ್ಲೆಯದೇ ಆಗಿತ್ತು. 2015ರಲ್ಲಿ ನಗರದಲ್ಲಿ ಡಿಜಿಟಲ್ ನಿಗಾ ವ್ಯವಸ್ಥೆ ಬಂದ ಮೇಲೆ ಪ್ರಕರಣಗಳು ಗಣನೀಯವಾಗಿ ಇಳಿದವು. ಮದ್ದು ಪೂರ್ತಿ ದಕ್ಕುವುದು ಆ ಹೋರಾಟದ ಭಾಗ. ಆರ್ಟಿಮೆಥರ್–ಲ್ಯೂಮೆಫ್ಯಾಂಟ್ರಿನ್ ಜೋಡಿ ಮಾತ್ರೆ ಬರೆದುಕೊಟ್ಟರೆ ಅದನ್ನು ಕೊಬ್ಬಿನಂಶವಿರುವ ಆಹಾರದ ಜೊತೆ ನುಂಗಬೇಕು. ಜಿಡ್ಡಿನ ಊಟದೊಡನೆ ಲ್ಯೂಮೆಫ್ಯಾಂಟ್ರಿನ್ ಹೀರಿಕೆ 16 ಪಟ್ಟಿನಷ್ಟು ಏರುತ್ತದೆ. ಜ್ವರದ ಬಾಯಿಗೆ ರುಚಿಸುವುದಿಲ್ಲವೆಂದು ಬರೀ ತಿಳಿಗಂಜಿಯಲ್ಲಿ ನುಂಗಿದರೆ ಮದ್ದು ಸಾಲದೆ ಹೋಗಬಹುದು. ಒಂದು ಲೋಟ ಹಾಲಾದರೂ ಜೊತೆಗಿರಲಿ. ಇದೇ ಆರ್ಟಿಮೆಥರ್ ಗ್ರೇಪ್‌ಫ್ರೂಟ್ ರಸದಿಂದ ಸುಮಾರು ಎರಡು ಪಟ್ಟು ಏರುತ್ತದೆಂದು 1999ರ ಅಧ್ಯಯನ ತೋರಿಸಿದೆ. ಮಲೇರಿಯಾ ಮರುಕಳಿಸದಂತೆ ಹದಿನಾಲ್ಕು ದಿನ ಕೊಡುವ ಪ್ರೈಮಾಕ್ವಿನ್ ಮಾತ್ರೆಯನ್ನು ಬರಿಹೊಟ್ಟೆಗೆ ಕೊಡಬಾರದು. ಹೊಟ್ಟೆ ತೊಳಸಿ ರೋಗಿ ಅರ್ಧಕ್ಕೇ ಬಿಟ್ಟರೆ ಜ್ವರ ಮರಳುತ್ತದೆ.

ಮೂವರಲ್ಲಿ ಮನವಿ

ಮುಗಿಸುವ ಮೊದಲು ಮೂರು ಮನವಿಗಳಿವೆ. ಮೊದಲನೆಯದು ವೈದ್ಯರಲ್ಲಿ. ಚೀಟಿ ಬರೆಯುವಾಗ “ಬೇರೆ ಮಾತ್ರೆ ಏನಾದರೂ ಇದೆಯೇ” ಎಂದು ಕೇಳುತ್ತೀರಿ. ಅದರ ಜೊತೆಗೆ ಕಷಾಯ, ಕ್ಯಾಪ್ಸೂಲು, ದಿನವೂ ತಿನ್ನುವ ಹಣ್ಣು ಏನೆಂದೂ ಕೇಳಿ. ಕೇಳದಿದ್ದರೆ ಜನ ಹೇಳುವುದಿಲ್ಲ, ಯಾಕೆಂದರೆ ಅವರ ಲೆಕ್ಕದಲ್ಲಿ ಅವು ಮದ್ದಲ್ಲ.

ಎರಡನೆಯದು ಮೆಡಿಕಲ್ ಅಂಗಡಿಯವರಲ್ಲಿ. ಔಷಧದ ಡಬ್ಬಿಯೊಳಗಿನ ಚೀಟಿ ಇಂಗ್ಲಿಷಿನಲ್ಲಿ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಮಾತ್ರೆ ಕೊಡುವ ಲಕೋಟೆಯ ಮೇಲೆ ಬೆಳಗ್ಗೆ, ರಾತ್ರಿ ಎಂದು ಗುರುತು ಹಾಕುವಾಗ “ನೀರಿನಲ್ಲಿ ಮಾತ್ರ”, “ಹಾಲಿನ ಜೊತೆ ಬೇಡ”, “ಚಕ್ಕೋತ ಬೇಡ” ಎಂದು ಕನ್ನಡದಲ್ಲಿ ಒಂದು ಸಾಲು ಬರೆದುಕೊಡಿ. ಆ ಒಂದು ಸಾಲಿನಿಂದ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಮೂರನೆಯದು ನಿಮ್ಮೆಲ್ಲರಲ್ಲಿ. ಈ ರಾತ್ರಿ ಒಂದು ಹಾಳೆಯಲ್ಲಿ ಮನೆಯ ಹಿರಿಯರು ನುಂಗುವ, ಕುಡಿಯುವ, ಶಕ್ತಿಗೆಂದು ತಿನ್ನುವ ಎಲ್ಲವನ್ನೂ ಹೊತ್ತಿನ ಸಮೇತ ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಯ ಜೊತೆ ಆ ಹಾಳೆಯನ್ನೂ ಒಯ್ಯಿರಿ. ಇವತ್ತು ನನ್ನ ಮಾತು ಕೇಳಿದಿರೆಂದು ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ಹೊತ್ತು ಬದಲಿಸಬೇಡಿ; ಹಾಳೆ ತೋರಿಸಿ, ಕೇಳಿ, ಆಮೇಲೆ ಬದಲಿಸಿ. ಮದ್ದಿಗೆ ಹಣ ಕೊಟ್ಟಿದ್ದೀರಿ, ಅದರ ಪೂರ್ಣ ಫಲ ಪಡೆಯುವ ಹಕ್ಕು ನಿಮ್ಮದು. ವೈದ್ಯರಿಂದ ಏನನ್ನೂ ಮುಚ್ಚಿಡದೆ ಹೇಳುವುದು ಆ ಫಲ ಪಡೆಯುವ ಮೊದಲ ಹೆಜ್ಜೆ.